ನಲವತ್ತೊಂದು ಅರ್ಜಿಗಳಲ್ಲಿ ಕಾಲಿಪಾ

ಕಾಲಿಪಾಗೆ ಬ್ಯಾಂಕಿನವರು ಕ್ರೆಡಿಟ್ ಕಾರ್ಡ್ ಕೊಡಲಿಲ್ಲವೆಂಬ ಸುದ್ದಿ, ಅವಳು ಬ್ಯಾಂಕಿನಿಂದ ಬಸ್ ನಿಲ್ದಾಣಕ್ಕೆ ನಡೆದು ಬರುವಷ್ಟರಲ್ಲಿ ಅವಳಿಗಿಂತ ಮೊದಲೇ ಅಲ್ಲಿಗೆ ಬಂದು ಕುಳಿತಿತ್ತು. ದಾರಿ ಹನ್ನೆರಡೇ ನಿಮಿಷದ್ದು. ಆದರೆ ಬಾಲಿಕ್ಚಿ ಊರಿನಲ್ಲಿ ಗಾಳಿಗೂ ಬರವಿಲ್ಲ, ಬಾಯಿಗೂ ಬರವಿಲ್ಲ. ಕಣಿವೆಯ ಕಡೆಯಿಂದ ಮಣ್ಣು ಹೊತ್ತು ಬೀಸುತ್ತಿದ್ದ ಗಾಳಿಯಲ್ಲಿ ಡ್ರೈವರುಗಳು ತಮ್ಮ ತಮ್ಮ ಕಾರಿಗೆ ಒರಗಿ ನಿಂತು, ನೋಡದವರ ಹಾಗೆ ಅವಳನ್ನೇ ನೋಡುತ್ತಿದ್ದರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ಅವಳಿಗೆ. ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಯಾರನ್ನೂ ಮಾತಾಡಿಸದೆ, ತನ್ನ ತಗಡಿನ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಫೋನು ಆಗಲೇ ಹೊಡೆದುಕೊಳ್ಳುತ್ತಿತ್ತು. ನಾರಿನ್‌ಗೆ ಎರಡು ಸೀಟು, ಒಂದು ಕುರಿಮರಿ.

ಕುರಿಮರಿ ಡಿಕ್ಕಿಯಲ್ಲಿ, ಜನ ಸೀಟಿನಲ್ಲಿ, ಹೊರಡುವುದು ಹನ್ನೊಂದಕ್ಕೆ ಎಂದು ಹೇಳಿ ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಇದೇ. ಬಿಶ್ಕೆಕ್, ಕರಕೋಲ್, ನಾರಿನ್, ಮೂರು ದಿಕ್ಕಿಗೆ ಹೋಗುವ ಬಾಡಿಗೆ ಕಾರುಗಳಿಗೆ ಜನ ಹೊಂದಿಸಿ ಕೂರಿಸುವುದು. ಅವಳ ಫೋನ್ ನಂಬರು ಗೊತ್ತಿಲ್ಲದ ಮನೆ ಆ ಕಡೆ ಇರಲಿಲ್ಲ. ಗೋಡೆಯ ಮೇಲೆ ಬರೆದಿಟ್ಟವರಿದ್ದರು, ಬಾಯಿಪಾಠ ಮಾಡಿದವರಿದ್ದರು. ಅವಳಿಗಿಂತ ಕಿರಿಯರೆಲ್ಲ ಅವಳನ್ನು ಎಜೆ ಎನ್ನುತ್ತಿದ್ದರು, ಅಂದರೆ ಅಕ್ಕ. ಹಿರಿಯರು ಕೂಡ ಸೀಟು ಬೇಕಾದಾಗ ಎಜೆ ಎಂದೇ ಕರೆಯುತ್ತಿದ್ದರು. ಕರೆ ಬಂದರೆ ಅವಳು ಎತ್ತದೆ ಬಿಟ್ಟದ್ದಿಲ್ಲ. ಗಂಡನ ಶವ ಮನೆಯಲ್ಲಿದ್ದ ದಿನವೂ ಎತ್ತಿ, ಇವತ್ತು ಡ್ರೈವರು ಸಗಿನ್‌ಬೇಕನಿಗೆ ಮಾಡಿ ಎಂದು ಹೇಳಿ ಇಟ್ಟಿದ್ದಳು.

ಅವಳಿಗೆ ಕಾರ್ಡು ಬೇಕಿದ್ದದ್ದು ಹಲ್ಲಿಗೆ. ಹೋದ ಚಳಿಗಾಲದಲ್ಲಿ ಇದೇ ಗೂಡಿನ ಮುಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಮೇಲಿನ ಸಾಲಿನ ನಾಲ್ಕು ಹಲ್ಲು ಹೋಗಿದ್ದವು. ಫೋನಿನಲ್ಲಿ ಮಾತಾಡುವವಳಿಗೆ ಹಲ್ಲು ಯಾಕೆ ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಅವಳೂ ನಕ್ಕಂತೆ ಮಾಡುತ್ತಿದ್ದಳು, ಬಾಯಿ ಮುಚ್ಚಿಕೊಂಡು. ಆದರೆ ಒಣಗಿಸಿದ ಮೊಸರಿನ ಕಲ್ಲಿನಂಥ ಕುರುತ್ ಉಂಡೆಯನ್ನು ಕಟಕಟ ಕಡಿದು ಬೆಳೆದವಳಿಗೆ ಅದನ್ನು ಚಹಾದಲ್ಲಿ ನೆನೆಸಿ ಚೀಪುವಾಗ ಕಣ್ಣಲ್ಲಿ ನೀರು ಬಂದದ್ದುಂಟು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಅವಳಿಗೆ ಕುರುತ್ ಯಾವಾಗಲೂ ಇತ್ತು. ಹಲ್ಲಿನ ಆಸ್ಪತ್ರೆಯವರು ಹೇಳಿದ್ದರು: ಆ ಬ್ಯಾಂಕಿನ ಕಾರ್ಡಿದ್ದರೆ ಹತ್ತು ಕಂತಿನಲ್ಲಿ ಕಟ್ಟಿ, ಬಡ್ಡಿ ಇಲ್ಲ, ಹದಿನೈದು ದಿನದಲ್ಲಿ ಹೊಸ ಹಲ್ಲು ಕೂರಿಸಿ ಕಳಿಸುತ್ತೇವೆ.

ಸಾಲದ ವಿಷಯದಲ್ಲಿ ಅವಳ ಹೆಸರು ಚಿನ್ನ. ಮಗಳ ಫ್ರಿಜ್ಜು, ಮಗನ ಕಾರಿನ ಚಕ್ರ, ಪಕ್ಕದ ಮನೆಯವರ ಟೀವಿ, ತಂಗಿಯ ಮನೆಯ ಒಲೆ, ಹೀಗೆ ಊರವರ ಮನೆಯ ಅರ್ಧ ಸಾಮಾನು ಅವಳ ಹೆಸರಿನಲ್ಲಿ ಕಂತಿಗೆ ಬಂದು, ಒಂದು ದಿನವೂ ತಪ್ಪದೆ ತೀರಿತ್ತು. ಸಾಲದ ಚರಿತ್ರೆ ಇಡುವ ಕಚೇರಿಯಿಂದ ಅವಳು ತರಿಸಿದ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ ಇತ್ತು. ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿಸಿ ಚೀಲದಲ್ಲಿ ಇಟ್ಟುಕೊಂಡಿದ್ದಳು. ಬೇರೆಯವರಿಗಾಗಿ ಕೇಳಿದಾಗಲೆಲ್ಲ ಬ್ಯಾಂಕು ಹೌದಮ್ಮ ಎಂದಿತ್ತು. ಐವತ್ತೆಂಟು ವರ್ಷಕ್ಕೆ ಮೊದಲ ಸಲ ತನಗಾಗಿ ಕೇಳಿದಳು. ಬ್ಯಾಂಕು ಇಲ್ಲ ಎಂದಿತು.

ಯಾಕೆ ಎಂದರೆ, ಕಾರಣ ಹೇಳುವ ಪದ್ಧತಿ ಇಲ್ಲ.

ಇನ್ನೊಬ್ಬರಾಗಿದ್ದರೆ ಬೈದು ಸುಮ್ಮನಾಗುತ್ತಿದ್ದರು. ಕಾಲಿಪಾ ಹಾಗಲ್ಲ. ನಾಲ್ಕು ಸೀಟಿನ ಕಾರಿಗೆ ಮೂರೇ ಜನ ಬಂದರೆ ನಾಲ್ಕನೆಯವನು ಯಾಕೆ ಬರಲಿಲ್ಲವೆಂದು ಸಂಜೆಯೊಳಗೆ ತಿಳಿದುಕೊಳ್ಳದೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ. ಹಲ್ಲಿನ ದುಃಖಕ್ಕಿಂತ ಈಗ ಈ ಯಾಕೆ ಎನ್ನುವುದೇ ಅವಳ ತಲೆಯೊಳಗೆ ಹುಳದಂತೆ ಕೊರೆಯತೊಡಗಿತು.

ಮೊದಲು ಬುದ್ಧಿ ಹೇಳಿದವನು ಸಗಿನ್‌ಬೇಕ್. ಅರವತ್ತರ ಹತ್ತಿರದ ಡ್ರೈವರು, ನಿಲ್ದಾಣದ ಪಂಡಿತ. ಗೂಡಿನ ಕಿಟಕಿಯಲ್ಲಿ ತಲೆ ತೂರಿಸಿ ಪಾಠ ಶುರು ಮಾಡಿದ.

"ಎಜೆ, ನಿಮ್ಮಂಥೋರು ಬ್ಯಾಂಕಿಗೆ ದಂಡ. ಹೊತ್ತಿಗೆ ಸರಿಯಾಗಿ ಕಟ್ಬಿಟ್ರೆ ಅವರು ತಿನ್ನೋದೇನು? ನನ್ನ ನೋಡಿ, ತಿಂಗಳು ತಿಂಗಳು ತಡ ಮಾಡ್ತೀನಿ, ಹಬ್ಬಕ್ಕೆ ಶುಭಾಶಯ ಕಳಿಸ್ತಾರೆ."

ಮಾತು ಕೇಳಲು ಚೆನ್ನಾಗಿತ್ತು. ಆದರೆ ಕಾಲಿಪಾ ಪರೀಕ್ಷೆ ಮಾಡದೆ ಯಾವುದನ್ನೂ ನಂಬುವವಳಲ್ಲ. ರಸ್ತೆ ಬದಿಯಲ್ಲಿ ಹೊಗೆ ಹಾಕಿದ ಮೀನಿನ ಸರ ನೇತುಹಾಕಿ ಮಾರುವ ಉಮುತಾಯಿಯ ಹತ್ತಿರ ಹೋಗಿ ವಿಚಾರಿಸಿದಳು. ಉಮುತಾಯಿ ಒಂದು ಕಂತೂ ತಪ್ಪಿಸಿದವಳಲ್ಲ. ಆದರೂ ಅದೇ ಬ್ಯಾಂಕಿನ ಕಾರ್ಡು ಅವಳ ಪರ್ಸಿನಲ್ಲಿತ್ತು, ಮೀನಿನ ವಾಸನೆ ಹೊಡೆಯುತ್ತ. ಹಾಗಾದರೆ ವಯಸ್ಸಿರಬೇಕು ಎಂದಳು ಉಮುತಾಯಿ. ಕಾಲಿಪಾ ನಿವೃತ್ತ ನರ್ಸು ವಲೆಂಟೀನಾಳ ಮನೆಗೆ ಹೋದಳು. ಆಕೆಗೆ ಅರವತ್ತಾರು, ಒಂದು ಕಿವಿ ಕೇಳದು, ಕಾರ್ಡು ಎರಡು. ಅಲ್ಲಿ ಒಂದು ಲೋಟ ರಾಸ್‌ಬೆರಿ ಜಾಮಿನ ಚಹಾ ಕುಡಿದು ವಾಪಸು ಬಂದಳು. ಮೂರನೆಯ ಕಾರಣ ಹೇಳಿದವನು ಕರಕೋಲ್ ದಾರಿಯ ಒಬ್ಬ ತರಲೆ ಡ್ರೈವರು. ಅರ್ಜಿಯ ಫೋಟೋದಲ್ಲಿ ಬಾಯಿ ಮುಚ್ಚಿಕೊಂಡವರನ್ನು ಬ್ಯಾಂಕಿನ ಮಿಷನ್ನು ಕಳ್ಳರೆಂದು ತಿಳಿಯುತ್ತದಂತೆ. ಎಲ್ಲರೂ ನಕ್ಕರು. ಕಾಲಿಪಾಗೆ ಮಾತ್ರ ಆ ಮಾತು ಚುಚ್ಚಿತು. ಗೂಡಿನ ಕಿಟಕಿಯ ಗಾಜಿನಲ್ಲಿ ಯಾರೂ ನೋಡದಾಗ ತುಟಿ ಎತ್ತಿ ನೋಡಿಕೊಂಡಳು, ನೋಡಿದ್ದಕ್ಕೆ ಬೇಸರಪಟ್ಟುಕೊಂಡಳು.

ಮೂರನೆಯ ಸಲ ಬ್ಯಾಂಕಿಗೆ ಹೋದಾಗ ಮೇಜಿನ ಹಿಂದೆ ಮೇರಿಮ್ ಎಂಬ ಹುಡುಗಿ ಒಬ್ಬಳೇ ಇದ್ದಳು. ಓದುವ ಕಾಲದಲ್ಲಿ ಈ ಹುಡುಗಿ ಪರೀಕ್ಷೆಗೆಂದು ಬಿಶ್ಕೆಕ್‌ಗೆ ಹೋಗುವಾಗಲೆಲ್ಲ ಕಾಲಿಪಾ ಅವಳಿಗೆ ಮುಂದಿನ ಸೀಟು ಹಿಡಿದಿಡುತ್ತಿದ್ದಳು, ಹಿಂದೆ ಕೂತರೆ ವಾಂತಿಯಾಗುತ್ತದೆಂದು. ಆ ಋಣವೋ ಏನೋ, ಮೇರಿಮ್ ಆಚೀಚೆ ನೋಡಿ, ತಾನು ಹೇಳಿದ್ದೆಂದು ಎಲ್ಲೂ ಬಾಯಿಬಿಡಬಾರದೆಂದು ಆಣೆ ಹಾಕಿಸಿಕೊಂಡು, ರಾಜಧಾನಿಯ ಕಚೇರಿಗೆ ಫೋನು ಮಾಡಿದಳು. ತುಂಬ ಹೊತ್ತು ಹೂಂಗುಟ್ಟಿದಳು. ಫೋನಿಟ್ಟ ಮೇಲೆ ಅವಳು ಕಾಲಿಪಾಳನ್ನು ನೋಡಿದ ನೋಟದಲ್ಲಿ ಸ್ವಲ್ಪ ಭಯವಿತ್ತು.

"ಎಜೆ, ನಿಮ್ಮ ಹೆಸರಲ್ಲಿ ಏನೂ ತೊಂದ್ರೆ ಇಲ್ಲ. ತೊಂದ್ರೆ ಇರೋದು ನಿಮ್ಮ ನಂಬರಲ್ಲಿ."

ವಿಷಯ ಹೀಗಿತ್ತು. ಸಾಲಕ್ಕೆ ಅರ್ಜಿ ಹಾಕುವ ಪ್ರತಿಯೊಬ್ಬರೂ ತಮ್ಮನ್ನು ಬಲ್ಲ ಇನ್ನೊಬ್ಬರ ಫೋನ್ ನಂಬರು ಕೊಡಬೇಕು. ಬ್ಯಾಂಕಿನವರು ಆ ನಂಬರಿಗೆ ಮಾಡಿ ವಿಚಾರಿಸುತ್ತಾರೆ. ಕಾಲಿಪಾಳ ನಂಬರು ಹಾಗೆ ನಲವತ್ತೊಂದು ಅರ್ಜಿಗಳಲ್ಲಿ ಇತ್ತು. ಒಂದೇ ನಂಬರು ನಲವತ್ತೊಂದು ಕಡೆ ಕಂಡರೆ, ಇದು ಸುಳ್ಳು ಸಾಲ ಕೊಡಿಸುವ ದಲ್ಲಾಳಿಯದೆಂದು ಮಿಷನ್ನು ತೀರ್ಮಾನ ಮಾಡುತ್ತದೆ. ಅರ್ಜಿ ಹಾಕಿದವರಿಗೆ ಅದರಿಂದ ಏನೂ ಆಗುವುದಿಲ್ಲ. ನಂಬರಿನ ಒಡತಿ ಬಂದು ಕೇಳಿದರೆ ಮಾತ್ರ ಬಾಗಿಲು ಮುಚ್ಚಿಕೊಳ್ಳುತ್ತದೆ.

ಕಾಲಿಪಾ ಬಾಯಿಗೆ ಅಡ್ಡ ಹಿಡಿದ ಬಟ್ಟೆಯನ್ನೂ ಮರೆತು ಕುಳಿತಳು. ಕೋಪ ಬರಬೇಕಿತ್ತು. ಅದರ ಬದಲು ಅವಳಿಗೆ ಹೊಸ ಕುತೂಹಲ ಹುಟ್ಟಿತು. ಯಾರ್ಯಾರು?

ಹೆಸರು ಹೇಳುವ ಹಾಗಿಲ್ಲ ಎಂದಳು ಮೇರಿಮ್. ಆದರೆ ಅರ್ಜಿಯಲ್ಲಿ ಸಂಬಂಧ ಏನೆಂದು ಬರೆಯುವ ಜಾಗ ಇದೆ, ಅದನ್ನು ಬೇಕಾದರೆ ಲೆಕ್ಕ ಹಾಕಿ ಹೇಳಬಲ್ಲೆ ಎಂದಳು. ಪರದೆಯ ಮೇಲೆ ಬೆರಳಿಟ್ಟು ಓದಿದಳು. ಅಕ್ಕ ಎಂದು ಬರೆದವರು ಇಪ್ಪತ್ತೊಂದು. ಪಕ್ಕದ ಮನೆಯವಳು ಎಂದು ಎಂಟು. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಎಲ್ಲ ಸೇರಿ ಆರು. ಮೇಲಧಿಕಾರಿ ಎಂದು ಮೂವರು.

"ಅಮ್ಮ ಅಂತ ಮೂರು. ಅಷ್ಟೇ, ನಲವತ್ತೊಂದು."

"ಮೂರಲ್ಲ, ಎರಡು," ಎಂದಳು ಕಾಲಿಪಾ. "ನನಗಿರೋದು ಇಬ್ಬರು ಮಕ್ಕಳು."

"ಇಲ್ಲಿ ಮೂರಿದೆ ಎಜೆ. ಮೂರನೇದು ಬಂದು ನಾಲ್ಕು ತಿಂಗಳಾಗಿದೆ."

ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ. ಪರಿಹಾರ ಮಾತ್ರ ಹೇಳಿಕೊಟ್ಟಳು. ಆ ನಂಬರನ್ನು ಪೂರ್ತಿ ಬಿಟ್ಟುಬಿಡುವುದು. ಹೊಸ ಸಿಮ್ ಕೊಳ್ಳುವುದು. ಆರು ತಿಂಗಳು ಕಳೆದು ಮತ್ತೆ ಅರ್ಜಿ ಹಾಕಿದರೆ ಇಂಥ ಹಾಳೆ ಇರುವವರಿಗೆ ಕಾರ್ಡು ಕಣ್ಣು ಮುಚ್ಚಿ ಕೊಡುತ್ತಾರೆ.

ನಿಲ್ದಾಣಕ್ಕೆ ಬಂದವಳು ಬಾಗಿಲು ಹಾಕಿಕೊಳ್ಳಲಿಲ್ಲ. ಕಾರುಗಳ ಮಧ್ಯೆ ನಿಂತು, ಬ್ಯಾಂಕಿನವರಿಗೆ ನನ್ನ ನಂಬರು ಕೊಟ್ಟವರು ಯಾರು ಎಂದು ಒಂದೇ ಮಾತು ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಒಬ್ಬ ಟೈರು ಒದ್ದು ನೋಡಿದ, ಇನ್ನೊಬ್ಬ ಗಾಜು ಒರೆಸತೊಡಗಿದ, ಮೂರನೆಯವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಕೊನೆಗೆ ಸಗಿನ್‌ಬೇಕನೇ ಬಾಯಿಬಿಟ್ಟ. ತಾನು ಎರಡು ಸಲ ಕೊಟ್ಟಿದ್ದೇನೆ ಎಂದ. ಒಂದು ಸಲ ಅಕ್ಕ, ಒಂದು ಸಲ ಮೇಲಧಿಕಾರಿ.

"ನಿನ್ನ ಹೆಂಡ್ತಿ ನಂಬರ್ ಕೊಡೋಕೇನಾಗಿತ್ತು?"

"ಅವಳನ್ನ ಕೇಳಿದ್ರೆ ನನ್ನ ಬಗ್ಗೆ ನಿಜ ಹೇಳ್ಬಿಡ್ತಾಳೆ ಎಜೆ. ನೀವಾದ್ರೆ ಯಾವಾಗ್ಲೂ ಎತ್ತುತೀರ, ಯಾವಾಗ್ಲೂ ಒಳ್ಳೇದೇ ಹೇಳ್ತೀರ."

ಅದು ಹೌದಾಗಿತ್ತು, ಮತ್ತು ತಪ್ಪು ಅಲ್ಲೇ ಇತ್ತು. ಬ್ಯಾಂಕಿನ ಹುಡುಗಿಯರು ವಾರಕ್ಕೊಂದು ಸಲವಾದರೂ ಅವಳಿಗೆ ಫೋನು ಮಾಡಿ ಇಂಥವರು ಗೊತ್ತೇ ಎಂದು ಕೇಳುತ್ತಿದ್ದರು. ಇದೂ ತನ್ನ ಕೆಲಸದ ಒಂದು ಭಾಗವೆಂದೇ ಅವಳು ತಿಳಿದಿದ್ದಳು. ಗಾಳಿಯ ಸದ್ದಿನಲ್ಲಿ ಹೆಸರು ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಎದುರಿಗೆ ಮೂರು ಜನ ಸೀಟಿಗಾಗಿ ಕೂಗಾಡುತ್ತಿರುತ್ತಿದ್ದರು. ಆದರೂ ಒಬ್ಬ ಮನುಷ್ಯನ ಬಗ್ಗೆ, ಇವನು ನನಗೆ ಗೊತ್ತಿಲ್ಲ ಎಂದು ಬೇರೆ ಊರಿನವರ ಮುಂದೆ ಹೇಳುವುದುಂಟೇ? ಹಾಗೆ ಹೇಳಿದರೆ ಅವನ ಏಳು ತಲೆಮಾರಿಗೆ ಅವಮಾನ. ಹಾಗಾಗಿ ಅವಳದ್ದು ಎಲ್ಲರಿಗೂ ಒಂದೇ ಉತ್ತರವಿತ್ತು: ಗೊತ್ತು, ಒಳ್ಳೆಯವರು, ನಂಬಬಹುದು. ಅಷ್ಟು ಹೇಳಿ ಇಟ್ಟುಬಿಡುತ್ತಿದ್ದಳು. ಊರಿಗೆಲ್ಲ ಹೀಗೆ ಬಾಯಿತುಂಬ ಹೌದು ಹಂಚಿದ್ದಕ್ಕೆ ಈಗ ಅವಳ ಬಾಯಿಗೆ ಹಲ್ಲಿರಲಿಲ್ಲ.

ಅವತ್ತೇ ಮಧ್ಯಾಹ್ನ ಹೊಸ ಸಿಮ್ ಕೊಂಡಳು. ಸೋಮವಾರದಿಂದ ಹಳೆಯದು ಬಂದ್, ಹೊಸ ನಂಬರನ್ನು ಚೀಟಿಯಲ್ಲಿ ಬರೆದು ಪ್ರಯಾಣಿಕರಿಗೆ ಹಂಚಿ ಎಂದು ಡ್ರೈವರುಗಳಿಗೆ ಆಜ್ಞೆ ಮಾಡಿದಳು. ಯಾರೂ ಎದುರಾಡಲಿಲ್ಲ. ಎಜೆಗೆ ಒಂದು ಸಲ ತನ್ನ ಬಾಯಿಯ ಬಗ್ಗೆ ಯೋಚಿಸುವ ಹಕ್ಕಿದೆ ಎಂದು ಸಗಿನ್‌ಬೇಕನೇ ಉಳಿದವರಿಗೆ ಹೇಳಿದನಂತೆ. ಹಲ್ಲಿನ ಆಸ್ಪತ್ರೆಗೂ ಫೋನು ಮಾಡಿ, ವಸಂತಕ್ಕೆ ಬರುತ್ತೇನೆ ಎಂದಳು. ಹಾಗೆ ಹೇಳುವಾಗ ಅವಳ ಎದೆ ನಿಜವಾಗಿ ಹಗುರಾಯಿತು.

ಆದರೆ ಆ ಮೂರನೆಯದು?

ಮೊದಲು ಮಗಳಿಗೆ ಫೋನು ಮಾಡಿದಳು. ಗುಲ್ಮೀರಾ ಒಂದೇ ಸಲ ಕೊಟ್ಟಿದ್ದಳು. ಊರಿನ ಆಚೆ ತುದಿಯಲ್ಲಿ ಬೇರೆ ಮನೆ ಮಾಡಿರುವ ಮಗ ಎರ್ಮೆಕ್‌ನನ್ನು ಕೇಳಿದಳು. ಅವನೂ ಒಂದೇ ಸಲ. ಹಾಗಾದರೆ ಸೊಸೆಯೇ ಇರಬೇಕು ಎಂದುಕೊಂಡು ಅವಳಿಗೆ ಒಳಗೊಳಗೇ ಸಂತೋಷವಾಯಿತು. ಎರಡು ವರ್ಷದ ಹಿಂದೆ ಬಂದ ಸೊಸೆ, ಮೊಮ್ಮಗನನ್ನು ಹೆತ್ತುಕೊಟ್ಟವಳು. ಹಿಟ್ಟಿನ ತುಂಡುಗಳ ಬೋರ್ಸೋಕ್ ಕರಿದುಕೊಂಡು ಮನೆಗೇ ಹೋಗಿ, ಬಿಸಿಬಿಸಿ ಇರುವಾಗಲೇ ಮುಂದಿಟ್ಟು ಕೇಳಿದಳು. ಸೊಸೆ ಮಗುವಿನ ಬಾಯಿ ಒರೆಸುತ್ತ, ತಾನು ಸಾಲ ತೆಗೆದುಕೊಂಡಾಗ ತನ್ನ ಸ್ವಂತ ಅಮ್ಮನ ನಂಬರು ಕೊಟ್ಟಿದ್ದೆ ಎಂದಳು. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ಕಾಲಿಪಾಗೆ ಪಿಚ್ಚೆನಿಸಿತು.

ಶುಕ್ರವಾರ ಮತ್ತೆ ಮೇರಿಮ್‌ಳ ಮುಂದೆ ಹೋಗಿ ಕುಳಿತಳು. ಕಾರ್ಡು ಬೇಡ, ಹೆಸರೂ ಬೇಡ, ಊರು ಹೇಳು ಸಾಕು ಎಂದಳು. ಹುಡುಗಿ ನಿಟ್ಟುಸಿರು ಬಿಟ್ಟು ಪರದೆ ನೋಡಿದಳು. ಕೊಚ್ಕೋರ್ ಶಾಖೆ, ಹೊಲಿಗೆ ಮಿಷನ್ನಿನ ಸಾಲ ಎಂದಳು.

ಕಾಲಿಪಾ ಎದ್ದು ನಿಂತಳು. ಥ್ಯಾಂಕ್ಸ್ ಹೇಳಲೂ ಮರೆತಳು.

ನಾರಿನ್ ದಾರಿಯ ಕೊಚ್ಕೋರಿನಲ್ಲಿ ಅವಳಿಗೆ ಗೊತ್ತಿದ್ದ ಹೊಲಿಗೆಯವಳು ಒಬ್ಬಳೇ, ಕುಂದೂಜ್. ಎರ್ಮೆಕ್‌ನ ಮೊದಲ ಹೆಂಡತಿ. ಏಳು ವರ್ಷ ಕಾಲಿಪಾಳ ಮನೆಯಲ್ಲಿದ್ದಳು. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಚಹಾ ಕಾಯಿಸಿ, ಅವಳನ್ನು ಅಪಾ ಎನ್ನುತ್ತಿದ್ದಳು, ಸ್ವಂತ ಅಮ್ಮನನ್ನು ಕರೆಯುವ ಹಾಗೆ. ಮಕ್ಕಳಾಗಲಿಲ್ಲ. ಎರ್ಮೆಕ್ ಮೊದಲು ಗೊಣಗಿದ, ಆಮೇಲೆ ಮನೆಗೆ ತಡವಾಗಿ ಬರತೊಡಗಿದ, ಕೊನೆಗೆ ಒಂದು ದಿನ ಅವಳ ಎರಡು ಚೀಲ ತಂದು ಬಾಗಿಲ ಹತ್ತಿರ ಇಟ್ಟ. ಕಾಲಿಪಾ ಆಗ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಬಾಗಿಲ ಹತ್ತಿರ ಕುಂದೂಜ್ ತುಂಬ ಹೊತ್ತು ನಿಂತಿದ್ದಳೆಂದು ಅವಳಿಗೆ ಗೊತ್ತಿತ್ತು. ಆದರೂ ಕಾಲಿಪಾ ಆಚೆ ಬರಲಿಲ್ಲ. ನಾದಿದ ಹಿಟ್ಟನ್ನೇ ಮತ್ತೆ ನಾದಿದಳು. ಮಗನ ಬಾಳು ಮಗ ನೋಡಿಕೊಳ್ಳುತ್ತಾನೆ ಎಂದು ಆಮೇಲೆ ಕೇಳಿದವರಿಗೆ ಹೇಳಿದಳು. ಕೇಳಿದವರು ಒಪ್ಪಿದರು, ಅವಳೊಬ್ಬಳಿಗೆ ಒಪ್ಪಿಗೆಯಾಗಲಿಲ್ಲ.

ಹಾಗೆ ಹೋದವಳು ನಾಲ್ಕು ತಿಂಗಳ ಹಿಂದೆ, ಅಷ್ಟು ವರ್ಷದ ಮೇಲೆ, ಬ್ಯಾಂಕಿನ ಕಾಗದದಲ್ಲಿ ಅವಳನ್ನು ಅಮ್ಮ ಎಂದು ಬರೆಸಿದ್ದಾಳೆ. ಯಾಕೆ? ಕಾರ್ಡು ಯಾಕೆ ಕೊಡಲಿಲ್ಲ ಎನ್ನುವುದಕ್ಕಿಂತ ಈ ಯಾಕೆ ದೊಡ್ಡದಾಗಿತ್ತು.

ಶನಿವಾರ ಬೆಳಿಗ್ಗೆ ಅವಳು ನೋಟ್‌ಬುಕ್ಕಿನಲ್ಲಿ ಕೊಚ್ಕೋರ್ ಒಂದು ಸೀಟು ಎಂದು ತನ್ನ ಹೆಸರನ್ನೇ ಬರೆದು, ಸಗಿನ್‌ಬೇಕನ ಕಾರಿನಲ್ಲಿ ಕುಳಿತಳು. ಬಾಡಿಗೆ ಬೇಡವೆಂದ ಅವನ ಜೇಬಿಗೆ ದುಡ್ಡು ತುರುಕಿದಳು. ದಾರಿಯುದ್ದಕ್ಕೂ ಅವನು ಏನೇನೋ ಕೆದಕಿದ, ಅವಳು ಹೂಂ ಎನ್ನಲಿಲ್ಲ. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು. ಸೋಮವಾರದಿಂದ ಆ ನಂಬರು ಇರುವುದಿಲ್ಲ, ಬ್ಯಾಂಕಿಗೆ ಬೇರೆ ಯಾರದಾದರೂ ಕೊಡು ಎಂದು ತಿಳಿಸಿ ಬರುವುದು, ಅಷ್ಟೇ. ಅಷ್ಟಕ್ಕೆ ಫೋನು ಸಾಕಿತ್ತಲ್ಲ ಎಂದು ಒಳಗಿನಿಂದ ಯಾರೋ ಕೇಳಿದರೂ ಕೇಳಿಸದಂತೆ ಇದ್ದಳು.

ಕುಂದೂಜ್‌ಳ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಪೇಟೆಯ ಹಿಂದೆ ಒಂದು ಸಣ್ಣ ಕೋಣೆ, ಗೋಡೆಗೆ ಶಾಲೆಯ ಮಕ್ಕಳ ಸಮವಸ್ತ್ರಗಳು, ಕಿಟಕಿಯ ಬೆಳಕಿಗೆ ಹೊಸ ಮಿಷನ್ನು. ಅವಳು ತಲೆ ಎತ್ತಿ ನೋಡಿದಳು. ಎದ್ದು ನಿಂತಳು. ಏನೋ ಕರೆಯಲು ಬಾಯಿ ತೆರೆದು, ಯಾವುದೆಂದು ತಿಳಿಯದೆ, ಬಾಯಿ ಮುಚ್ಚಿಕೊಂಡಳು. ಆಮೇಲೆ ಕುರ್ಚಿಯ ಮೇಲಿನ ಬಟ್ಟೆ ತೆಗೆದು, ಕೂತ್ಕೊಳ್ಳಿ ಎಂದು ಚಹಾಕ್ಕೆ ನೀರಿಟ್ಟಳು. ಹಾಲು ಹಾಕಿ, ಸ್ವಲ್ಪ ಉಪ್ಪು ಹಾಕಿ, ಅರ್ಧ ಬಟ್ಟಲು ಮಾತ್ರ ತುಂಬಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಕಾಲಿಪಾಗೆ ಹೇಗೆ ಬೇಕೋ ಹಾಗೆ.

ಕಾಲಿಪಾ ಕಥೆ ಶುರು ಮಾಡಿದಳು. ಹಲ್ಲು, ಕಾರ್ಡು, ಸಗಿನ್‌ಬೇಕನ ಪಾಂಡಿತ್ಯ, ಮೀನಿನ ವಾಸನೆಯ ಪರ್ಸು, ಮೇಲಧಿಕಾರಿ ಎಂದು ಬರೆದ ಮೂವರು. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ಕುಂದೂಜ್ ಕೂಡ ನಕ್ಕಳು, ಮೊದಲು ತಡೆದುಕೊಂಡು, ಆಮೇಲೆ ತಡೆಯಲಾರದೆ. ನಲವತ್ತೊಂದರ ವಿಷಯ ಬಂದಾಗ ಮಾತ್ರ ಅವಳ ನಗು ನಿಂತಿತು.

"ನಂದೂ ಅದ್ರಲ್ಲಿದೆ," ಎಂದಳು. "ಅದ್ಕೇ ಬಂದ್ರಾ?"

ಕಾಲಿಪಾ ತಲೆಯಾಡಿಸಿದಳು.

"ಸೋಮವಾರ ಬ್ಯಾಂಕಿಗೆ ಹೋಗಿ ತೆಗೆಸ್ತೀನಿ. ನಿಮ್ಗೆ ತೊಂದ್ರೆ ಆಗ್ಲಿ ಅಂತ ಕೊಟ್ಟಿದ್ದಲ್ಲ. ಯಾರ್ದಾದ್ರೂ ಒಂದು ನಂಬರ್ ಹೇಳಿ ಅಂದ್ರು, ನನ್ನ ಅಮ್ಮ ಇಲ್ಲ, ಬಾಯಿಗೆ ಬಂದಿದ್ದು ಅದೊಂದೇ. ಏನಾಗ್ಬೇಕು ಅಂತ ಕೇಳಿದ್ರು. ಏನ್ ಹೇಳ್ಲಿ? ಒಂದು ಕಾಲ್ದಲ್ಲಿ ಅತ್ತೆ ಆಗಿದ್ರು ಅನ್ಲಾ? ಅಮ್ಮ ಅಂದ್ಬಿಟ್ಟೆ. ಅವಳು ಅಲ್ಲೇ ನನ್ನ ಮುಂದೇನೇ ನಿಮ್ಗೆ ಫೋನ್ ಮಾಡಿದ್ಲು. ನೀವು ಇಲ್ಲ ಅಂತೀರ ಅಂತ ನಾನು ಚೀಲ ತಗೊಂಡು ಆಗ್ಲೇ ಎದ್ದಿದ್ದೆ."

ಅವಳು ನೂಲಿನ ಉಂಡೆಯನ್ನು ಕೈಯಲ್ಲಿ ಹೊರಳಿಸಿದಳು.

"ಫೋನ್ ಇಟ್ಟು ಅವಳು ಹೇಳಿದ್ಲು, ನಿಮ್ಮಮ್ಮ ಗೊತ್ತು ಅಂದ್ರು, ಒಳ್ಳೆಯವಳು, ನಂಬಬಹುದು ಅಂದ್ರು, ಅಂತ. ಏಳು ವರ್ಷ ಆ ಮನೇಲಿದ್ದೆ, ಒಂದ್ಸಲಾನೂ ನಿಮ್ಮ ಬಾಯಲ್ಲಿ ಆ ಮಾತು ಕೇಳಿರ್ಲಿಲ್ಲ. ಮಿಷನ್ ಮನೆಗೆ ತಂದ್ಮೇಲೆ ಕೂತ್ಕೊಂಡು ಅತ್ತೆ."

ಕಾಲಿಪಾಳ ಕೈಯಲ್ಲಿ ಬಟ್ಟಲು ಹಾಗೇ ನಿಂತಿತು. ಆ ಕರೆ ಅವಳಿಗೆ ನೆನಪೇ ಇರಲಿಲ್ಲ. ಯಾವ ದಿನ, ಯಾವ ಹೊತ್ತು, ಎದುರಿಗೆ ಯಾರಿದ್ದರು, ಒಂದೂ ಇಲ್ಲ. ಸಗಿನ್‌ಬೇಕನಿಗೆ ಹೇಳಿದ್ದೂ ಅದೇ ಮಾತು, ಮುಖ ನೋಡದವರಿಗೆ ಹೇಳಿದ್ದೂ ಅದೇ ಮಾತು. ಅದನ್ನು ಈ ಹುಡುಗಿ ನಾಲ್ಕು ತಿಂಗಳಿಂದ ಎದೆಯಲ್ಲಿಟ್ಟುಕೊಂಡು ಹೊಲಿದಿದ್ದಾಳೆ. ಸುಮ್ಮನಿದ್ದರೆ ಸಾಕಿತ್ತು. ಹೌದು ಕಣೆ, ನಿನ್ನ ಹೆಸರು ಕೇಳಿಯೇ ಹೇಳಿದೆ ಎಂದರೆ ಯಾರಿಗೆ ಏನು ನಷ್ಟ? ಸುಳ್ಳು ನಾಲಗೆಯ ತುದಿಯವರೆಗೆ ಬಂದಿತ್ತು, ಸಿಹಿಯಾಗಿತ್ತು. ಆದರೆ ಅವಳಿಗೆ ಅಡುಗೆಮನೆಯಲ್ಲಿ ನಿಂತ ಆ ದಿನ ನೆನಪಾಯಿತು. ಇದು ಎರಡನೆಯ ಸಲ ಅಡಗಿಕೊಂಡ ಹಾಗಾಗುತ್ತದೆ ಎನಿಸಿ ನಾಚಿಕೆಯಾಯಿತು.

"ನಿನ್ನ ಹೆಸ್ರು ನನಗೆ ಕೇಳಿಸಿರ್ಲಿಲ್ಲ," ಎಂದಳು. "ನಾನು ಯಾರು ಕೇಳಿದ್ರೂ ಹಾಗೇ ಹೇಳ್ತೀನಿ. ಎಲ್ರಿಗೂ ಅದೇ ಮಾತು."

ಕುಂದೂಜ್ ಮಿಷನ್ನಿನ ಕೆಳಗಿದ್ದ ಅಂಗಿಯನ್ನು ಎಳೆದು, ಜೋತಾಡುತ್ತಿದ್ದ ದಾರವನ್ನು ಕತ್ತರಿಸಿದಳು. ಕತ್ತರಿಸಿದ ಮೇಲೂ ಅದನ್ನೇ ನೋಡುತ್ತಿದ್ದಳು. ಹೊರಗೆ ಸಗಿನ್‌ಬೇಕ್ ಯಾರೊಡನೆಯೋ ಕುದುರೆಯ ಬೆಲೆ ಚರ್ಚಿಸುತ್ತಿದ್ದ.

"ಇರ್ಲಿ ಬಿಡಿ," ಎಂದಳು ಕೊನೆಗೆ. "ಸೋಮವಾರ ತೆಗೆಸ್ತೀನಿ."

ಕಾಲಿಪಾ ಬಟ್ಟಲನ್ನು ಕೆಳಗಿಟ್ಟಳು.

"ಬ್ಯಾಂಕಿನವಳು ಏನ್ ಕೇಳಿದ್ಲು? ಹಾಗೇ ಕೇಳು ನೋಡೋಣ. ಈಗ ನೀನೇ ಕೇಳು."

"ಯಾಕೆ ಸುಮ್ನೆ."

"ಕೇಳು ಅಂದೆ."

ಕುಂದೂಜ್ ಅವಳ ಮುಖ ನೋಡಿದಳು. ತಮಾಷೆಯಲ್ಲವೆಂದು ತಿಳಿಯಿತು. ದನಿ ತಗ್ಗಿಸಿ, ಓದಿ ಹೇಳುವವರ ಹಾಗೆ ಕೇಳಿದಳು.

"ಕುಂದೂಜ್ ಅನ್ನೋರು ನಿಮ್ಗೆ ಗೊತ್ತಾ?"

"ಗೊತ್ತು. ಏಳು ವರ್ಷ ನನ್ನ ಮನೇಲಿದ್ಲು. ನನ್ನ ಮಗ ಅವಳ ಚೀಲ ಬಾಗ್ಲಿಗಿಟ್ಟ ದಿನ ನಾನು ಅಡುಗೆಮನೆಯಿಂದ ಆಚೆ ಬರ್ಲಿಲ್ಲ. ಬರ್ಬೇಕಿತ್ತು."

ಬ್ಯಾಂಕಿನವರು ಅದನ್ನು ಕೇಳಿರಲಿಲ್ಲ. ಕುಂದೂಜ್ ಕತ್ತರಿಯನ್ನು ಬದಿಗಿಟ್ಟಳು. ಆಮೇಲೆ ಮುಂದಿನ ಪ್ರಶ್ನೆ ಕೇಳಿದಳು.

"ನಿಮ್ಗೇನಾಗ್ಬೇಕು ಅವರು?"

"ಮಗಳು," ಎಂದಳು ಕಾಲಿಪಾ. "ಬರ್ಕೋ. ನಂಬರ್ ಬದಲಾಯಿಸಲ್ಲ ನಾನು. ಯಾವಾಗ ಬೇಕಾದ್ರೂ ಮಾಡಿ ಕೇಳ್ಬಹುದು."